ನೀರಿನ ಬಾಟಲಿಯಲ್ಲಿ ಟರ್ಪೆಂಟೈನ್

ಮನೆಗೆ ಬಣ್ಣ ಹೊಡೆಸುವಾಗ ಕಂಪನಿ ಯಾವುದು, ಶೇಡ್ ಯಾವುದು, ಮೇಸ್ತ್ರಿಯ ಕೂಲಿ ಎಷ್ಟು ಎಂದು ನೂರು ಸಲ ವಿಚಾರಿಸುತ್ತೇವೆ. ಟರ್ಪೆಂಟೈನ್ ಮಾತ್ರ ಯಾರೂ ವಿಚಾರಿಸದೆ ಮನೆಯೊಳಗೆ ಬರುತ್ತದೆ. ಎನಾಮಲ್ ತೆಳುವಾಗಿಸಲು, ಬ್ರಷ್ ತೊಳೆಯಲು ಬೇಕಾದ ಈ ದ್ರವ ಇಂದು ಬಹುಪಾಲು ಕಚ್ಚಾತೈಲದಿಂದ ತೆಗೆದದ್ದು, ಸೀಮೆಎಣ್ಣೆಯ ಹತ್ತಿರದ ನೆಂಟ. ಅದನ್ನು ನಾವು ಮಾರುವ, ಬಳಸುವ ರೀತಿ ತೀರಾ ಕೆಟ್ಟದ್ದು. ಮೊದಲ ತಪ್ಪು ನಡೆಯುವುದೇ ಅಂಗಡಿಯಲ್ಲಿ.

ಹಾರ್ಡ್‌ವೇರ್ ಅಂಗಡಿಯ ಮೂಲೆಯಲ್ಲಿ ದೊಡ್ಡ ಕ್ಯಾನ್ ಇರುತ್ತದೆ. ಅರ್ಧ ಲೀಟರ್ ಕೇಳಿದರೆ ಹುಡುಗ ಖಾಲಿ ನೀರಿನ ಬಾಟಲಿಗೆ ಆಲಿಕೆ ಇಟ್ಟು ಸುರಿದು, ಮುಚ್ಚಳ ತಿರುಗಿಸಿ ಕೊಡುತ್ತಾನೆ. ಬೆಂಕಿಯ ಚಿತ್ರ, ಎಚ್ಚರಿಕೆಯ ಸಾಲುಗಳು ಎಲ್ಲ ಆ ಕ್ಯಾನಿನ ಮೇಲೆಯೇ ಉಳಿದುಬಿಡುತ್ತವೆ. ಮನೆಗೆ ಬರುವ ಬಾಟಲಿಯ ಮೇಲೆ ಕುಡಿಯುವ ನೀರಿನ ಚೀಟಿ, ಒಳಗೆ ನೀರಿನಷ್ಟೇ ತಿಳಿಯಾದ ದ್ರವ. ಬಿಸಿಲಲ್ಲಿ ಆಡಿ ಬಂದ ಮಗು ಅದನ್ನು ಎತ್ತಿ ಕುಡಿದರೆ ತಪ್ಪು ಮಗುವಿನದ್ದಲ್ಲ. ಇಂಥ ಹೊತ್ತಿನಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ನಮ್ಮ ರೂಢಿಯಂತೂ ಇನ್ನೂ ಅಪಾಯಕಾರಿ. ತೆಳ್ಳಗಿನ ಈ ಎಣ್ಣೆ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾದಂಥ ಉರಿಯೂತ ಬರುತ್ತದೆ. ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು, ಬಾಟಲಿಯನ್ನೂ ಜೊತೆಗೆ ಒಯ್ಯಬೇಕು.

ಬೆಂಕಿಯ ಮಾತಿಗೆ ಬಂದರೆ, ಉರಿಯುವುದು ದ್ರವವಲ್ಲ, ಅದರಿಂದ ಏಳುವ ಆವಿ. ಖನಿಜ ಟರ್ಪೆಂಟೈನಿನ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ದಟ್ಟವಾಗಲು ಸುಮಾರು 30ರಿಂದ 40 ಡಿಗ್ರಿ ಸೆಲ್ಸಿಯಸ್ ಸಾಕು. ತಂಪು ದೇಶದ ಚಳಿಗಾಲದಲ್ಲಿ ಇದು ಅಷ್ಟು ಹೆದರಿಸುವ ಅಂಕಿಯಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನಕ್ಕೆ ಮಾತ್ರ ಅದು ಬಾಗಿಲ ಹೊರಗಿನ ಸಾಮಾನ್ಯ ಬಿಸಿಲು. ಮರದ ಪಾಲಿಷಿಗೆ, ಸ್ಪ್ರೇ ಪೇಂಟಿಗೆ ಬಳಸುವ ಎನ್‌ಸಿ ಥಿನ್ನರ್ ಅಷ್ಟು ಶಾಖಕ್ಕೂ ಕಾಯುವುದಿಲ್ಲ. ಈ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಗುಂಟ ಹರಿದು ಪಕ್ಕದ ಕೋಣೆಯ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಬಲ್ಲದು. ಹೊತ್ತಿಕೊಂಡ ಮೇಲೆ ನೀರು ಸುರಿದರೆ ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿ ಇನ್ನಷ್ಟು ಹರಡುತ್ತದೆ. ಆರಿಸಲು ಮರಳು ಅಥವಾ ಪುಡಿಯ ಅಗ್ನಿಶಾಮಕ ಬೇಕು.

ಸಂಜೆ ಕೆಲಸ ಮುಗಿದಾಗ ಪೇಂಟರ್ ಅದೇ ಡಬ್ಬಿಗೆ ಚಿಂದಿ ಅದ್ದಿ ಮೊಣಕೈವರೆಗೆ ಉಜ್ಜಿಕೊಳ್ಳುತ್ತಾನೆ. ಬಣ್ಣದ ಜೊತೆ ಚರ್ಮದ ಎಣ್ಣೆಯಂಶವೂ ಹೋಗಿ, ಕೈ ಬಿಳಿಚಿ, ಕ್ರಮೇಣ ಬಿರುಕು ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ದಿನವಿಡೀ ಉಸಿರಾಡಿದ ಆವಿಯಿಂದ ತಲೆನೋವು, ತಲೆಸುತ್ತು. ವರ್ಷಗಟ್ಟಲೆ ಹೀಗೇ ದುಡಿದವರ ನೆನಪಿನ ಶಕ್ತಿ, ಏಕಾಗ್ರತೆ ಕುಂದುವುದನ್ನು ಡೆನ್ಮಾರ್ಕ್ ಮೊದಲಾದ ದೇಶಗಳ ವೈದ್ಯರು 1970ರ ದಶಕದಲ್ಲೇ ಗುರುತಿಸಿ, ಅದನ್ನು ಪೇಂಟರುಗಳ ಕಾಯಿಲೆ ಎಂದೇ ಪರಿಗಣಿಸಿದರು. ನಮ್ಮಲ್ಲಿ ಅದನ್ನು ‘ವಯಸ್ಸಾಯ್ತು’ ಎಂದು ತಳ್ಳಿಹಾಕುವುದು ಸುಲಭ, ಅನ್ಯಾಯವೂ ಹೌದು.

1934ರ ಪೆಟ್ರೋಲಿಯಂ ಕಾಯ್ದೆ ಇದೆಯಲ್ಲ ಎನ್ನಬಹುದು. 23ರಿಂದ 65 ಡಿಗ್ರಿಯೊಳಗೆ ಹೊತ್ತಿಕೊಳ್ಳುವ ದ್ರವಗಳನ್ನು ಅದು ‘ಬಿ’ ವರ್ಗಕ್ಕೆ ಸೇರಿಸುತ್ತದೆ. ಈ ವರ್ಗದ್ದನ್ನು ಒಂದೆಡೆ 2500 ಲೀಟರ್‌ವರೆಗೆ, ಒಂದು ಪಾತ್ರೆಯಲ್ಲಿ 1000 ಲೀಟರ್ ಮೀರದಂತೆ ಇಟ್ಟರೆ ಪರವಾನಗಿ ಬೇಕಿಲ್ಲ. ಗೋದಾಮು, ಟ್ಯಾಂಕರುಗಳನ್ನು ಕಣ್ಣಮುಂದೆ ಇಟ್ಟುಕೊಂಡ ಕಾನೂನಿದು. ಆ ಕೆಲಸಕ್ಕೆ ಅದು ಸರಿಯೇ. ಅಡುಗೆಮನೆಯ ಕಟ್ಟೆಯ ಮೇಲಿನ ಅರ್ಧ ಲೀಟರ್ ಬಾಟಲಿಯನ್ನು ಪರವಾನಗಿಯ ಲೆಕ್ಕ ತಡೆಯಲಾರದು.

ನೀರಿನಲ್ಲಿ ಕಲೆಸುವ ಎನಾಮಲ್‌ಗಳು ಈಗ ಮಾರುಕಟ್ಟೆಯಲ್ಲಿವೆ. ಬೆಲೆ ತುಸು ಹೆಚ್ಚು, ಹಳೆಯ ಮೇಸ್ತ್ರಿಗಳಿಗೆ ಅದರ ಹೊಳಪು ಒಪ್ಪುವುದಿಲ್ಲ. ಆದರೂ ಮನೆಯೊಳಗಿನ ಬಾಗಿಲು, ಕಿಟಕಿಗಳಿಗೆ ನಾನು ಅದನ್ನೇ ಆರಿಸುತ್ತೇನೆ. ಟರ್ಪೆಂಟೈನ್ ಬೇಕೇ ಬೇಕು ಎಂದಾದರೆ ಕಂಪನಿಯ ಮುದ್ರೆ ಒಡೆಯದ ಡಬ್ಬಿಯನ್ನೇ ಕೊಳ್ಳಿ. ಕೆಲಸ ನಡೆಯುವಷ್ಟು ಹೊತ್ತು ಕಿಟಕಿ ತೆರೆದಿರಲಿ, ಒಲೆ, ದೀಪ ಆರಿರಲಿ. ಕೈ ತೊಳೆಯಲು ಪೇಂಟರನಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ, ಸೋಪು ಕೊಡಿ. ನೀರಿನ ಬಾಟಲಿಗೆ ಸುರಿದುಕೊಡುವ ಅಂಗಡಿಯವರಿಗೆ ಬೇಡ ಎಂದು ಹೇಳಿ, ಯಾಕೆ ಬೇಡ ಎಂಬುದನ್ನೂ ಹೇಳಿ ಬನ್ನಿ.