ಅಮೃತಾಪುರದ ಕವಿಯೂ ರೂವಾರಿಯೂ

ಹೊಯ್ಸಳ ದೇವಾಲಯಗಳನ್ನು ಕುರಿತು ಬರೆಯುವವರು ಅವುಗಳನ್ನು 'ಕಲ್ಲಿನಲ್ಲಿ ಕಡೆದ ಕಾವ್ಯ'ವೆಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಮಾತು ಇಂಪಾದುದೇ ಸರಿ. ಹೊಗಳಿಕೆಗೆ ಅದು ಸಾಲುತ್ತದೆ, ವಿಮರ್ಶೆಗೆ ಸಾಲದು. ಕಾವ್ಯವು ಯಾವ ವಿಷಯದಲ್ಲಿ ಶಿಲ್ಪವನ್ನು ಹೋಲುವುದು, ಯಾವ ವಿಷಯದಲ್ಲಿ ಹೋಲಲಾರದು ಎಂಬುದನ್ನು ವಿಚಾರಿಸದೆ ಈ ರೂಪಕವನ್ನು ಒಪ್ಪಿಕೊಂಡರೆ, ಕಲ್ಲುಕುಟಿಗನು ಕವಿಯ ಹಿಂದೆ ಹಿಂದೆಯೇ ನಡೆದುಬಂದವನೆಂದು ಒಪ್ಪಿಕೊಂಡಂತಾಗುವುದು. ಈ ಮಾತನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಕನ್ನಡನಾಡಿನಲ್ಲಿ ಅಮೃತಾಪುರಕ್ಕಿಂತ ತಕ್ಕ ಸ್ಥಳವು ಅಪೂರ್ವ. ಅಲ್ಲಿ ಕವಿಯ ಕೃತಿಯೂ ಶಿಲ್ಪಿಯ ಕೃತಿಯೂ ಒಂದೇ ಅಂಗಳದಲ್ಲಿ ನಿಂತಿವೆ.

ತರೀಕೆರೆಯ ಸಮೀಪದ ಈ ಊರಿನ ಅಮೃತೇಶ್ವರ ದೇವಾಲಯವನ್ನು ಕ್ರಿ. ಶ. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಆಳಿಕೆಯಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದನು. ಗರ್ಭಗೃಹ ಒಂದು; ಅದರ ಮುಂದೆ 9 ಅಂಕಣಗಳ ನವರಂಗ; ಅದಕ್ಕೂ ಮುಂದೆ 29 ಅಂಕಣಗಳ ವಿಶಾಲವಾದ ತೆರೆದ ಮಂಟಪ. ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಯಾತ್ರಿಕರ ಕಣ್ಣು ಸಹಜವಾಗಿ ಆ ಮೂರರ ಕಡೆಗೇ ತಿರುಗಿರುವುದು. ಆದರೆ ಸಾಹಿತ್ಯಾಭ್ಯಾಸಿಗೆ ಅಮೃತಾಪುರವು ಕೊಡುವ ಪಾಠವು ಆ ಮೂರೂ ಕಡೆಗಳಲ್ಲಿ ಈ ಬಗೆಯಲ್ಲಿ ದೊರೆಯಲಾರದು.

ಮೊದಲು ಕವಿಯ ಮಾತು. ಮಂಟಪದ ಬಳಿ ನಿಂತಿರುವ ದೊಡ್ಡ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ. ಅವನು ಜೈನ, ದೇವಾಲಯವು ಶಿವನದು. ಯಶೋಧರಚರಿತೆಯು 1209ರಲ್ಲಿ, ಅನಂತನಾಥಪುರಾಣವು 1230ರಲ್ಲಿ ಮುಗಿದವು. ಆದಕಾರಣ ಈ ಶಾಸನವು ಅವನ ಮಹಾಕೃತಿಗಳಿಗೆ ಹಿಂದಿನ ಕಾಲದ್ದು. ಅರಸನ ವಂಶವನ್ನೂ ದಾನಿಯ ಗುಣವನ್ನೂ ಕೀರ್ತಿಸುವುದು ಶಾಸನಕವಿಗೆ ವಿಧಿಸಿದ ಕಾರ್ಯ. ಅಲ್ಲಿ ಕಥೆಗೆ ಅವಕಾಶವು ಕಡಿಮೆ, ವರ್ಣನೆಗೆ ಹೆಚ್ಚು. ಹೀಗೆ ಕಥನಕುಶಲನೆಂದು ಮುಂದೆ ಪ್ರಸಿದ್ಧನಾಗುವ ಕವಿಯು ಇಲ್ಲಿ ಕಥೆಯನ್ನು ಹೇಳುತ್ತಿಲ್ಲ. ಕಥೆಯನ್ನು ಹೇಳುತ್ತಿರುವುದು ಅವನ ಪದ್ಯಗಳಿಗೆ ಅನತಿದೂರದಲ್ಲಿರುವ ಗೋಡೆ.

ತೆರೆದ ಮಂಟಪವನ್ನು ಬಳಸಿರುವ ಮೋಟುಗೋಡೆಯ ಹೊರಮೈಯಲ್ಲಿ ಕಥಾಫಲಕಗಳಿವೆ. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಲೀಲೆ, ಮಿಕ್ಕ 45ರಲ್ಲಿ ಭಾರತ. ಕೂಡಿಸಿ ನೋಡಿದರೆ ಉತ್ತರದಲ್ಲಿಯೂ 70. ಈ ಸಮತೆಯು ಆಕಸ್ಮಿಕವಲ್ಲ. ಭಾರತವು ರಾಮಾಯಣಕ್ಕಿಂತ ಎಷ್ಟೋ ದೊಡ್ಡ ಗ್ರಂಥ. ಕವಿಯಾಗಿದ್ದರೆ ಕಥೆಯ ವಿಸ್ತಾರಕ್ಕೆ ತಕ್ಕಂತೆ ಆಶ್ವಾಸಗಳನ್ನು ಬೆಳೆಸಬಹುದಾಗಿತ್ತು. ಶಿಲ್ಪಿಗೆ ಆ ಸ್ವಾತಂತ್ರ್ಯವಿಲ್ಲ. ಮಂಟಪದ ಎಡಬಲಗಳು ಸಮನಾಗಿರಬೇಕಾದುದರಿಂದ ಕಥೆಗಳೂ ಸಮನಾಗಬೇಕು. ಆದುದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯು ಅವನಿಗೆ ಕವಿಗಿಂತ ಕಠಿನವಾಗಿ ಒದಗಿಬರುವುದು. ಹದಿನೆಂಟು ಪರ್ವಗಳನ್ನು 45 ಚೌಕಗಳಲ್ಲಿ ಅಡಗಿಸಿದವನನ್ನು ಕೇವಲ ಚಿತ್ರಕಾರನೆಂದು ಹೇಳಲಾಗದು. ಅವನು ಸಂಗ್ರಹಕಾರನೂ ವಿಮರ್ಶಕನೂ ಆಗಿರಲೇಬೇಕು.

ಇದಕ್ಕಿಂತಲೂ ಗಮನಿಸತಕ್ಕ ವಿಷಯವು ಕಥೆ ನಡೆಯುವ ದಿಕ್ಕು. ಹೊಯ್ಸಳ ಗುಡಿಗಳಲ್ಲಿ ಕಥಾಸಾಲುಗಳು ಸಾಮಾನ್ಯವಾಗಿ ಪ್ರದಕ್ಷಿಣಕ್ರಮದಲ್ಲಿಯೇ ಸಾಗುವುವು. ಭಕ್ತನು ನಡೆದಂತೆ ಕಥೆಯೂ ನಡೆಯುವುದು. ಅಮೃತಾಪುರದ ಉತ್ತರದ ಗೋಡೆಯಲ್ಲಿ ಈ ನಿಯಮವನ್ನು ಪಾಲಿಸಲಾಗಿದೆ. ದಕ್ಷಿಣದ ಗೋಡೆಯಲ್ಲಿಯಾದರೋ ರಾಮಾಯಣವು ಅಪ್ರದಕ್ಷಿಣವಾಗಿ ನಡೆದಿದೆ. ಮುಂಬಾಗಿಲಿನಿಂದ ಬಲಗೊಂಡು ಹೊರಟವನಿಗೆ ಮೊದಲು ಎದುರಾಗುವುದು ಕಥೆಯ ಕೊನೆ. ಆದಿಯನ್ನು ಕಾಣಬೇಕಾದರೆ ಅವನು ಗೋಡೆಯ ಪಶ್ಚಿಮದ ತುದಿಯವರೆಗೆ ಹೋಗಬೇಕು.

ಇದನ್ನು ಶಿಲ್ಪಿಯ ಪ್ರಮಾದವೆಂದು ತಳ್ಳಿಹಾಕುವುದು ಸುಲಭ. ಆದರೆ ಎರಡೂ ಕಡೆ ಸರಿಯಾಗಿ 70ನ್ನೇ ಎಣಿಸಿ ನಿಲ್ಲಿಸಿದ ಕೈ ದಿಕ್ಕಿನಲ್ಲಿ ಮಾತ್ರ ಎಡವಿತೆಂದು ನಂಬುವುದು ಕಷ್ಟ. ಪ್ರದಕ್ಷಿಣದ ಯೋಚನೆಯನ್ನು ಕ್ಷಣಕಾಲ ಬದಿಗಿಟ್ಟು ದಿಕ್ಕುಗಳನ್ನೇ ನೋಡೋಣ. ದಕ್ಷಿಣದಲ್ಲಿ ಅಪ್ರದಕ್ಷಿಣವೆಂದರೆ ಪಶ್ಚಿಮದಿಂದ ಪೂರ್ವಕ್ಕೆ. ಉತ್ತರದಲ್ಲಿ ಪ್ರದಕ್ಷಿಣವೆಂದರೂ ಪಶ್ಚಿಮದಿಂದ ಪೂರ್ವಕ್ಕೇ. ಎಂದರೆ ಎರಡು ಗೋಡೆಗಳ ಕಥೆಗಳೂ ಗರ್ಭಗೃಹದ ಕಡೆಯಿಂದ ಹೊರಟು ಮುಂಬಾಗಿಲಿನ ಕಡೆಗೆ ಹರಿದುಬರುತ್ತವೆ. ದೇವರ ಸನ್ನಿಧಿಯಿಂದ ಎರಡು ತೋಳುಗಳು ಮುಂದಕ್ಕೆ ಚಾಚಿದಂತೆ ಈ ರಚನೆಯಿದೆ. ಒಳಗಿನಿಂದ ಹೊರಗೆ ಕೆಲಸ ಮಾಡಿಕೊಂಡು ಬಂದ ಎರಡು ತಂಡಗಳ ಪದ್ಧತಿಯೇ ಇದಕ್ಕೆ ಕಾರಣವೆಂದು ಯಾರಾದರೂ ಹೇಳಬಹುದು. ಹಾಗೆ ಹೇಳಿದರೂ ಫಲವು ಒಂದೇ. ನಡೆಯುವವನ ಸೌಕರ್ಯಕ್ಕಿಂತ ಕಟ್ಟಡದ ಸಮತೆಯೇ ಇಲ್ಲಿ ಮೇಲಾಗಿದೆ. ಜೊತೆಗೆ ಇನ್ನೊಂದು ವಿಶೇಷ: ದಕ್ಷಿಣದ ಗೋಡೆಗೆ ಎದುರಾಗಿ ನಿಂತವನಿಗೆ ಪಶ್ಚಿಮವು ಎಡಗಡೆ, ಪೂರ್ವವು ಬಲಗಡೆ. ಆದಕಾರಣ ಇಲ್ಲಿಯ ರಾಮಾಯಣವು ನಮ್ಮ ಬರಹದ ಸಾಲಿನಂತೆ ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತದೆ. ಉತ್ತರದ ಕಥೆಗಳನ್ನು ಬಲದಿಂದ ಎಡಕ್ಕೆ ಓದಬೇಕು.

ಕಾವ್ಯವು ಹೀಗೆ ಮಾಡಲಾರದು. ಒಂದು ಪದ್ಯದ ಬಳಿಕ ಇನ್ನೊಂದು ಪದ್ಯವು ಬರಲೇಬೇಕು. ಕವಿಯ ಕಥೆಗೆ ಕಾಲವೊಂದೇ ದಾರಿ. ಶಿಲ್ಪಿಯ ಕಥೆಗೆ ಕಾಲದೊಡನೆ ದೇಶವೂ ಸೇರಿದೆ: ಎರಡು ಕಥೆಗಳನ್ನು ಏಕಕಾಲದಲ್ಲಿ ನಡೆಸಿ, ಒಂದೇ ಕಡೆ ಮುಗಿಸುವ ಶಕ್ತಿಯು ಅವನಿಗುಂಟು. 'ಕಲ್ಲಿನ ಕಾವ್ಯ'ವೆಂಬ ಮಾತು ಈ ಶಕ್ತಿಯನ್ನೇ ಮರೆಮಾಡುವುದು.

ಹೋಲಿಕೆಯು ಬೇಕೇ ಬೇಕೆನ್ನುವವರು ಅದನ್ನು ಅಲಂಕಾರದಲ್ಲಿ ಹುಡುಕಬಾರದು. ಹೊಯ್ಸಳ ಶಿಲ್ಪದಲ್ಲಿ ಕುಸುರಿಗೆಲಸವು ಅತಿಯಾಯಿತೆಂದು ಆಕ್ಷೇಪಿಸುವವರು ಚಂಪೂಕಾವ್ಯದ ಅಷ್ಟಾದಶವರ್ಣನೆಗಳನ್ನು ನೆನೆಯುವುದುಂಟು. ಅಮೃತಾಪುರದಲ್ಲಿಯಾದರೋ ಕುಸುರಿಗೂ ಕಥೆಗೂ ಬೇರೆಬೇರೆ ಎಡೆಗಳು ಗೊತ್ತಾಗಿವೆ. ಕುಸುರಿಯು ತಲೆಯ ಮೇಲಿನ ಭುವನೇಶ್ವರಿಗಳಲ್ಲಿದೆ. ಕಥೆಯು ಕೆಳಗಿನ ಫಲಕಗಳಲ್ಲಿದೆ. ಒಂದು ಇನ್ನೊಂದರ ದಾರಿಗೆ ಅಡ್ಡಬರುವುದಿಲ್ಲ. ಬಿಗಿಯಾದ ಚೌಕಟ್ಟಿನೊಳಗೆ ಒಂದೊಂದು ಸಂಗತಿಯನ್ನು ಹೇಳಿ ಮುಂದಕ್ಕೆ ಸಾಗುವ ಈ ಫಲಕಗಳಿಗೆ ಸಾಹಿತ್ಯದಲ್ಲಿ ಎಣೆಯನ್ನು ಹುಡುಕುವುದಾದರೆ, ಜನ್ನನೇ ಮುಂದೆ ಯಶೋಧರಚರಿತೆಯಲ್ಲಿ ಪ್ರಧಾನವಾಗಿ ಬಳಸಿದ ಕಂದಪದ್ಯವನ್ನು ಹೇಳಬಹುದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಮಿತಿಯೇ ಬಲವಾಗುವ ಬಗೆಯು ಎರಡರಲ್ಲಿಯೂ ಒಂದೇ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಆ ಭುವನೇಶ್ವರಿಗಳನ್ನು ಕಂಡರಿಸಿದವರಲ್ಲಿ ಮಲ್ಲಿತಮ್ಮನೆಂಬ ರೂವಾರಿಯೊಬ್ಬನು. ಅವನ ಕಸುಬು ಇಲ್ಲಿಯೇ ಆರಂಭವಾಯಿತೆಂದು ಕಲಾಚರಿತ್ರಕಾರರು ಎಣಿಸಿರುವರು. ಅವನ ಹೆಸರು ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ದೊರೆಯುತ್ತದೆ. ಜನ್ನನು ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ಅವನ ಬಂಧುವರ್ಗವನ್ನೂ ನಾವು ಬಲ್ಲೆವು. ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನನೂ ಶಬ್ದಮಣಿದರ್ಪಣದ ಕೇಶಿರಾಜನೂ ಅವನ ನಂಟರು. ಮಲ್ಲಿತಮ್ಮನಾದರೋ ತಾನು ಕಡೆದ ವಿಗ್ರಹಗಳ ಅಡಿಯಲ್ಲಿ ಎಷ್ಟೋ ವೇಳೆ 'ಮಲ್ಲಿ' ಎಂದೋ, ಬರಿಯ 'ಮ' ಎಂದೋ ಗುರುತುಮಾಡಿ ಸುಮ್ಮನಾದನು. ಆ ಒಂದಕ್ಷರವನ್ನೂ ಓದದೆ, ಕಂಡಕಂಡ ಗುಡಿಯನ್ನೆಲ್ಲ ಜಕಣಾಚಾರಿಯ ಹೆಸರಿಗೆ ಬರೆದುಬಿಡುವ ಅಭ್ಯಾಸವು ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ.

ಈ ಅನಾದರಕ್ಕೆ ವಿದ್ವಾಂಸರೂ ಹೊಣೆಗಾರರು. ಕವಿಚರಿತೆಯ ಮೊದಲ ಸಂಪುಟವನ್ನು 1907ರಲ್ಲಿ ಪ್ರಕಟಿಸಿದ ಆರ್. ನರಸಿಂಹಾಚಾರ್ಯರೇ 1917ರಲ್ಲಿ ಸೋಮನಾಥಪುರದ ದೇವಾಲಯವನ್ನೂ 1919ರಲ್ಲಿ ಬೇಲೂರಿನ ದೇವಾಲಯವನ್ನೂ ಕುರಿತು ಗ್ರಂಥಗಳನ್ನು ಬರೆದರು. ಕವಿಯನ್ನೂ ರೂವಾರಿಯನ್ನೂ ಅರಿಯುವ ಕಣ್ಣುಗಳು ಒಬ್ಬರಲ್ಲಿಯೇ ಇದ್ದವು. ಆ ಬಳಿಕ ವಿದ್ಯೆಯು ಕವಲೊಡೆಯಿತು. ಸಾಹಿತ್ಯದವರು ಶಾಸನದ ಬಳಿಗೆ ಬಂದು ಜನ್ನನ ಕಾಲನಿರ್ಣಯಕ್ಕೆ ಬೇಕಾದುದನ್ನು ಬರೆದುಕೊಂಡು ಹಿಂದಿರುಗುವರು. ಶಿಲ್ಪದವರು ಕಂಬವನ್ನೂ ಗೋಪುರವನ್ನೂ ಅಳೆದುಕೊಂಡು ಹಿಂದಿರುಗುವರು. ಗೋಡೆಯ ಕಥೆಯು ಇಬ್ಬರಿಗೂ ಸೇರದೆ ನಡುವೆ ಉಳಿದುಬಿಡುವುದು.

ಅಧ್ಯಾಪಕರಲ್ಲಿ ನಮ್ಮ ಬಿನ್ನಹವಿಷ್ಟೆ. ವಿದ್ಯಾರ್ಥಿಗಳನ್ನು ಅಮೃತಾಪುರಕ್ಕೆ ಕರೆದೊಯ್ದಾಗ ಫಲಕಗಳನ್ನು ತಾವು ಓದಿಸಿದ ಕಾವ್ಯದ ಚಿತ್ರಗಳೆಂದು ತೋರಿಸದಿರಲಿ. ಮೊದಲು ಪ್ರದಕ್ಷಿಣವಾಗಿ ನಡೆಯಿಸಲಿ; ದಕ್ಷಿಣದಲ್ಲಿ ಕಥೆಯು ಹಿಮ್ಮೊಗವಾಗಿರುವುದನ್ನು ಅವರೇ ಕಂಡು ಕೇಳಲಿ. ಬಳಿಕ ಪಶ್ಚಿಮದ ತುದಿಯಿಂದ ಪೂರ್ವಕ್ಕೆ, ಒಂದೊಂದು ಗೋಡೆಯನ್ನೂ ಅದರ ಕ್ರಮದಲ್ಲಿಯೇ ಓದಿಸಲಿ. ಕಡೆಯಲ್ಲಿ ಜನ್ನನ ಶಾಸನದ ಮುಂದೆ ನಿಲ್ಲಿಸಲಿ. ಒಂದೇ ಅಂಗಳದಲ್ಲಿ ಇಬ್ಬರು ಕೆಲಸಗಾರರು ತಮ್ಮ ತಮ್ಮ ಕಟ್ಟಳೆಗೆ ಅನುಸಾರವಾಗಿ ದುಡಿದರೆಂಬುದೂ, ಅವರಲ್ಲಿ ಒಬ್ಬನು ಇನ್ನೊಬ್ಬನಿಗೆ ಅಡಿಯಾಳಲ್ಲವೆಂಬುದೂ ಆಗ ಬೋಧೆಯಿಲ್ಲದೆಯೇ ತಿಳಿಯುವುದು.