ಹೊಸ ತಳಿಯ ಪರೀಕ್ಷೆ: ಗದ್ದೆಯೋ, ಡಿಎನ್‌ಎಯೋ?

ಸಂಡೂರು ತಾಲ್ಲೂಕಿನ ಕುರೆಕುಪ್ಪದಿಂದ ಉತ್ತರಕ್ಕೆ ಕಂಪ್ಲಿಯತ್ತ ಸಾಗಿದರೆ ಒಣಭೂಮಿ ಹಿಂದೆ ಸರಿದು ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳು ಎದುರಾಗುತ್ತವೆ. ಇಲ್ಲಿನ ರೈತರಿಗೆ ಬಿಪಿಟಿ 5204, ಅಂದರೆ ಸಾಂಬಾ ಮಸೂರಿ, ಬಹುಕಾಲದ ಪರಿಚಿತ ತಳಿ. ಆಂಧ್ರದ ಬಾಪಟ್ಲದಲ್ಲಿ ರೂಪುಗೊಂಡು 1986ರಲ್ಲಿ ಬಿಡುಗಡೆಯಾದ ಇದರ ಅಕ್ಕಿ ಸಣ್ಣ, ಅನ್ನ ರುಚಿ. ಆದರೆ ದುಂಡಾಣು ಅಂಗಮಾರಿ ರೋಗಕ್ಕೆ ಇದು ಸುಲಭದ ತುತ್ತು.

2008ರಲ್ಲಿ ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಸಿಸಿಎಂಬಿ ಸಂಸ್ಥೆಗಳ ಶ್ರಮದಿಂದ ‘ಸುಧಾರಿತ ಸಾಂಬಾ ಮಸೂರಿ’ ಬಂತು. ಇದರಲ್ಲಿ ಎಕ್ಸ್‌ಎ21, ಎಕ್ಸ್‌ಎ13, ಎಕ್ಸ್‌ಎ5 ಎಂಬ ಮೂರು ರೋಗನಿರೋಧಕ ಜೀನುಗಳಿವೆ. ಮೊದಲನೆಯದರ ಮೂಲ ಆಫ್ರಿಕಾದ ಒಂದು ಕಾಡುಭತ್ತ. ಉಳಿದೆರಡು ದುರ್ಬಲ ಜೀನುಗಳು. ಒಂದೇ ಪ್ರತಿ ಇರುವ ಗಿಡದಲ್ಲಿ ಅವು ಮರೆಯಾಗಿರುತ್ತವೆ. ಆದ್ದರಿಂದಲೇ ಸಂಕರಣದ ಪ್ರತಿ ಪೀಳಿಗೆಯಲ್ಲಿ ಸಸಿಗಳನ್ನು ಡಿಎನ್‌ಎ ಗುರುತುಗಳಿಂದ ಆರಿಸಬೇಕಾಯಿತು. ರೋಗವಿಲ್ಲದ ಗದ್ದೆಯಲ್ಲಿ ತಾಯಿತಳಿಯನ್ನೂ ಈ ತಳಿಯನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಅನುಭವಿಯೂ ತಡವರಿಸುತ್ತಾನೆ. ಹಾಗಿದ್ದರೆ ಇದು ಹೊಸ ತಳಿ ಹೌದೋ ಅಲ್ಲವೋ?

ಡಿಎನ್‌ಎ ಪರೀಕ್ಷೆ ಮಾಡಿದರೆ ಮುಗಿಯಿತಲ್ಲ ಎಂದು ವಿದ್ಯಾರ್ಥಿಗಳು ಹೇಳುವುದುಂಟು. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ನಮ್ಮ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ (2001) ಹೊಸ ತಳಿಯಲ್ಲಿ ಭಿನ್ನತೆ, ಏಕರೂಪತೆ, ಸ್ಥಿರತೆಗಳನ್ನು ಬೇಡುತ್ತದೆ. ಭತ್ತಕ್ಕಾದರೆ ಎಲೆಯ ಬಣ್ಣ, ತೆನೆಯ ಉದ್ದ, ಕಾಳಿನ ಆಕಾರ ಮುಂತಾದ 62 ಲಕ್ಷಣಗಳನ್ನು ಕನಿಷ್ಠ ಎರಡು ಹಂಗಾಮುಗಳಲ್ಲಿ ನೋಡುತ್ತಾರೆ. ಪ್ರಯೋಗಾಲಯದ ವಿಶೇಷ ಪರೀಕ್ಷೆಗೆ 2003ರ ನಿಯಮಗಳಲ್ಲಿ ಅವಕಾಶವುಂಟು. ಆದರೆ ಗದ್ದೆಯ ಪರೀಕ್ಷೆ ಭಿನ್ನತೆಯನ್ನು ತೋರಿಸಲು ಸೋತಾಗ ಮಾತ್ರ.

ಡಿಎನ್‌ಎಯಲ್ಲಿ ಸಣ್ಣ ತುಣುಕೊಂದು ಮತ್ತೆಮತ್ತೆ ಬರುವ ತಾಣಗಳಿವೆ. ಪುನರಾವರ್ತನೆಯ ಸಂಖ್ಯೆ ತಳಿಯಿಂದ ತಳಿಗೆ ಬೇರೆ. ಇದೇ ‘ಬೆರಳಚ್ಚು’. ಮಣ್ಣು, ಗೊಬ್ಬರ, ಮಳೆ ಇದನ್ನು ಬದಲಿಸಲಾರವು. ಎಳೆ ಸಸಿಯ ಎಲೆಯ ಚೂರು ಸಾಕು. ಆದರೆ ಇಂತಹ ತಾಣಗಳಲ್ಲಿ ಹೆಚ್ಚಿನವು ಗಿಡದ ಯಾವ ಗುಣಕ್ಕೂ ಕಾರಣವಲ್ಲ. ಸಾವಿರಾರು ತಾಣಗಳನ್ನು ನೋಡುತ್ತಾ ಹೋದರೆ ಒಂದಲ್ಲ ಒಂದು ಕಡೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಅದನ್ನೇ ಭಿನ್ನತೆ ಎಂದು ಒಪ್ಪಿದರೆ, ಬೇರೊಬ್ಬರ ತಳಿಯನ್ನು ಒಂದೆರಡು ಸಂಕರಣಗಳಿಂದ ತುಸು ಅಲುಗಾಡಿಸಿ ‘ನನ್ನದು’ ಎನ್ನುವುದು ಸುಲಭವಾಗುತ್ತದೆ. ಅತ್ತ ಏಕರೂಪತೆಯನ್ನೂ ಇದೇ ಅಳತೆಗೋಲಿನಿಂದ ಅಳೆದರೆ ಮೊದಲು ಸೋಲುವುದು ನಾಟಿ ತಳಿಗಳು. ಅವುಗಳೊಳಗೆ ವೈವಿಧ್ಯ ಸಹಜ. ರೈತರ ತಳಿಗಳಲ್ಲಿ ಬೆರಕೆ ಗಿಡಗಳ ಮಿತಿಯನ್ನು ಇಮ್ಮಡಿಗೊಳಿಸಿ ರಿಯಾಯಿತಿ ಕೊಟ್ಟಿರುವುದು ಇದಕ್ಕಾಗಿಯೇ.

ಹಾಗೆಂದು ಕಣ್ಣನ್ನೇ ನಂಬಿ ಕೂರುವಂತೆಯೂ ಇಲ್ಲ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಬಂದ ‘ಬಿಕಾನೇರಿ ನರ್ಮಾ ಬಿಟಿ’ ಹತ್ತಿ 2009ರಲ್ಲಿ ರೈತರ ಹೊಲ ಸೇರಿತು. ಬೀಜವನ್ನು ಉಳಿಸಿಕೊಂಡು ಮರುವರ್ಷ ಬಿತ್ತಬಹುದೆಂಬುದು ಅದರ ಆಕರ್ಷಣೆ. ಆದರೆ ಅದರಲ್ಲಿ ಮಾನ್ಸಾಂಟೊ ಕಂಪನಿಯ ‘ಮಾನ್ 531’ ಪತ್ತೆಯಾಗಿ ಮಾರಾಟ ನಿಂತಿತು, ಎಸ್.ಕೆ. ಸೋಪೋರಿ ಸಮಿತಿಯ ವರದಿ 2012ರಲ್ಲಿ ಹೊರಬಂತು. ಎರಡರದ್ದೂ ಕ್ರೈ1ಎಸಿ ಜೀನೇ ಆದ್ದರಿಂದ ಗಿಡ ಕಾಯಿಕೊರಕವನ್ನು ತಡೆಯುವುದನ್ನು ನೋಡಿ ಮೂಲವನ್ನು ಹೇಳಲಾಗದು. ಜೀನು ಹತ್ತಿಯ ಡಿಎನ್‌ಎಗೆ ಬೆಸೆದುಕೊಂಡ ಜಾಗ ಬೇರೆ ಬೇರೆ. ಆ ಬೆಸುಗೆಯನ್ನು ಗುರುತಿಸುವ ಪಿಸಿಆರ್ ಪರೀಕ್ಷೆಯೇ ಬೇಕು. ಬಿತ್ತನೆಗೆ ಮುನ್ನ ಕಾಣಬೇಕಾದದ್ದು ಬಿತ್ತಿದ ಮೇಲೆ ಕಂಡಿತು.

ಆದ್ದರಿಂದ ನಮ್ಮ ನಿಯಮದ ಕೊರತೆ ಡಿಎನ್‌ಎಯನ್ನು ನ್ಯಾಯಾಧೀಶನನ್ನಾಗಿ ಮಾಡದಿರುವುದಲ್ಲ, ಅದನ್ನು ಕೊನೆಯ ಸರದಿಗೆ ನಿಲ್ಲಿಸಿರುವುದು. ಹೊಸ ತಳಿ ಅರ್ಜಿ ಬಂದ ದಿನವೇ ಬೆರಳಚ್ಚನ್ನು ತೆಗೆದರೆ, ಪಕ್ಕದಲ್ಲಿ ಯಾವ ಹಳೆಯ ತಳಿಗಳನ್ನು ಬೆಳೆದು ಹೋಲಿಸಬೇಕೆಂದು ತಿಳಿಯುತ್ತದೆ. ತೀರ ದೂರದವನ್ನು ಬಿಡಬಹುದು. ಹೊಸ ಸಸ್ಯತಳಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಪಿಒವಿ (ಭಾರತ ಇದರ ಸದಸ್ಯನಲ್ಲ) 2011ರಲ್ಲಿ ಒಪ್ಪಿದ ಮಾರ್ಗದರ್ಶಿಯಲ್ಲಿ ಹೊರಲಕ್ಷಣ ಹಾಗೂ ಡಿಎನ್‌ಎ ಅಂತರಗಳನ್ನು ಕೂಡಿಸಿ ಹೀಗೆ ಆರಿಸುವ ಮಾದರಿಯಿದೆ. ಗುಣವೊಂದರ ಬದಲಿಗೆ ಅದರ ಗುರುತನ್ನು ನೋಡುವ ಇನ್ನೊಂದು ಮಾದರಿಯೂ ಇದೆ. ಆದರೆ ಗುರುತಿಗೂ ಗುಣಕ್ಕೂ ನಂಬಲರ್ಹ ನಂಟಿರಬೇಕೆಂಬುದು ಷರತ್ತು. ಷರತ್ತು ಸರಿಯೇ. ಗುರುತು ಜೀನಿನ ಒಳಗಿರದೆ ಪಕ್ಕದಲ್ಲಿದ್ದರೆ ಕ್ರಾಸಿಂಗ್ ಓವರ್‌ನಲ್ಲಿ ಇವೆರಡೂ ಬೇರ್ಪಡಬಹುದು.

ಸುಧಾರಿತ ಸಾಂಬಾ ಮಸೂರಿಯ ಮಟ್ಟಿಗೆ ಮೂರು ಜೀನುಗಳು ಇವೆಯೆಂದು ಡಿಎನ್‌ಎ ಹೇಳುತ್ತದೆ. ಅವು ಕೆಲಸ ಮಾಡುತ್ತವೆಯೇ ಎಂಬುದಕ್ಕೆ ದುಂಡಾಣುವಿನ ದ್ರವದಲ್ಲಿ ಅದ್ದಿದ ಕತ್ತರಿಯಿಂದ ಎರಡೂ ತಳಿಗಳ ಎಲೆಯ ತುದಿಗಳನ್ನು ಕತ್ತರಿಸಿ, ಸುಮಾರು ಎರಡು ವಾರ ಕಾದು, ಒಣಗಿದ ಭಾಗದ ಉದ್ದವನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ.