ಅಗ್ಗದ ನೇಲ್ ಗನ್: ಮೊಳೆ ಎಷ್ಟು ಹೊತ್ತು ದುಡಿಯಬೇಕು?

ಎರಡು-ಮೂರು ಸಾವಿರ ರೂಪಾಯಿಗೆ ಸಿಗುವ, ಕಂಪ್ರೆಸರ್ ಗಾಳಿಯಿಂದ ಮೊಳೆ ಹೊಡೆಯುವ ಎಫ್30 ನೇಲ್ ಗನ್ ಕೊಳ್ಳಬಹುದೇ ಎಂಬ ಪ್ರಶ್ನೆ ಈ ಅಂಕಣಕ್ಕೆ ಮಳೆಗಾಲದ ಗೆದ್ದಲಿನಂತೆ ತಪ್ಪದೆ ಬರುತ್ತದೆ. ಕೇಳುವವರಲ್ಲಿ ಅರ್ಧ ಜನಕ್ಕೆ ‘ಚೈನಾ ಮಾಲು ಮುಟ್ಟಬೇಡಿ’ ಎಂಬ ಉತ್ತರ ಬೇಕು, ಉಳಿದವರಿಗೆ ‘ಕಣ್ಮುಚ್ಚಿ ತಗೊಳ್ಳಿ’ ಎಂಬುದು. ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಹೊಡೆದ ಮೊಳೆ ಎಷ್ಟು ಹೊತ್ತು ದುಡಿಯಬೇಕು?

ಪ್ಲೈವುಡ್ ಅಂಚಿಗೆ ಬೀಡಿಂಗ್ ಪಟ್ಟಿ ಕೂರಿಸುವ ಬಡಗಿಗೆ ಉತ್ತರ ಗೊತ್ತು. ಅಂಟು ಒಣಗುವವರೆಗೆ, ಅಷ್ಟೇ. ಈ ಗನ್ ಹೊಡೆಯುವ 18 ಗೇಜಿನ ಮೊಳೆಯ ದಪ್ಪ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು. ಅದು ಕಪಾಟು ಹೊರಲು ಹುಟ್ಟಿದ್ದಲ್ಲ.

‘ಮೊಳೆ ಹೊಡೆಯುವುದೂ ಒಂದು ಬಡಗಿತನವೇ?’ ಎಂದು ಮೂಗು ಮುರಿಯುವ ಕೀಲು-ಕುಳಿ ಪಂಥದವರಿಗೆ ಇಲ್ಲೇ ಒಂದು ಹಳೆಯ ಬಾಕಿ ತೀರಿಸಬೇಕಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಲೋಹಕ್ಕೆ ಬರ. ವಿಮಾನ ತಯಾರಕ ಹೊವಾರ್ಡ್ ಹ್ಯೂಸ್ ಮರದಲ್ಲೇ ದೈತ್ಯ ವಿಮಾನ ಕಟ್ಟಲು ಹೊರಟ. ಜನ ಅದನ್ನು ಕರೆದದ್ದು ‘ಸ್ಪ್ರೂಸ್ ಗೂಸ್’ ಎಂದು, ಮೈ ಮಾತ್ರ ಬಹುಪಾಲು ಬರ್ಚ್. ಅದರ ಕೆಲಸಕ್ಕಾಗಿಯೇ ಮೋರಿಸ್ ಪೈನೂಸ್ ಎಂಬ ಎಂಜಿನಿಯರ್ ಮೊಳೆ ಹೊಡೆಯುವ ಗನ್ ರೂಪಿಸಿದನೆಂದು ಹೇಳುತ್ತಾರೆ. ತೆಳು ಹಲಗೆಗಳಿಗೆ ಅಂಟು ಬಳಿದು, ಮೊಳೆ ಹೊಡೆದು, ಅಂಟು ಗಟ್ಟಿಯಾದ ಮೇಲೆ ಆ ಮೊಳೆಗಳನ್ನೆಲ್ಲ ಕಿತ್ತರು! 1947ರ ನವೆಂಬರ್ 2ರಂದು ಲಾಂಗ್ ಬೀಚ್ ಬಂದರಿನಲ್ಲಿ ಸುಮಾರು 97 ಮೀಟರ್ ರೆಕ್ಕೆಯ ಆ ವಿಮಾನ ನೀರು ಬಿಟ್ಟು ಮೇಲೆದ್ದು, ಒಂದೂವರೆ ಕಿಲೋಮೀಟರಿನಷ್ಟು ಹಾರಿ ಇಳಿಯಿತು. ಮತ್ತೆಂದೂ ಹಾರಲಿಲ್ಲ ನಿಜ, ಆದರೆ ಅದಕ್ಕೆ ಅಂಟೂ ಕಾರಣವಲ್ಲ, ಮೊಳೆಯೂ ಅಲ್ಲ. ಯುದ್ಧವೇ ಮುಗಿದುಹೋಗಿತ್ತು.

ಅಂಟು ಒಣಗುವವರೆಗೆ ಹಿಡಿದಿಡುವುದಷ್ಟೇ ಮೊಳೆಯ ಕೆಲಸ ಎಂದಾದರೆ ಅಗ್ಗದ ಗನ್ ಕೊಳ್ಳಲು ಅಳುಕಬೇಕಿಲ್ಲ. ಅಂಗಡಿಯಲ್ಲಿ ಹೊಡೆದು ನೋಡದೆ ಮಾತ್ರ ಕೊಳ್ಳಬಾರದು. ಕೈಯಲ್ಲೊಂದು ತೇಗದ ತುಂಡಿರಲಿ. ಗಾಳಿ ಕೊಟ್ಟ ಮೇಲೆ ಟ್ರಿಗರ್ ಮುಟ್ಟದೆ ಕಿವಿಗೊಡಬೇಕು. ಸುಯ್ಯೆನ್ನುವ ಗನ್ನಿನಲ್ಲಿ ಗಾಳಿ ಎಲ್ಲೋ ಸೋರುತ್ತಿದೆ. ಒತ್ತಡವನ್ನು 80 ಪಿಎಸ್‌ಐಗೆ ನಿಲ್ಲಿಸಿ 25 ಮಿ.ಮೀ. ಮೊಳೆಗಳನ್ನು ಸಾಲಾಗಿ ಹೊಡೆದು ಬೆರಳಾಡಿಸಿದರೆ ಗನ್ನಿನ ಬಂಡವಾಳ ಗೊತ್ತಾಗುತ್ತದೆ. ಒಂದು ಮುಳುಗಿ ಇನ್ನೊಂದು ತಲೆಯೆತ್ತಿ ನಿಂತಿದ್ದರೆ ಬೇಡ. ಮೊಳೆ ಸಿಕ್ಕಿಕೊಳ್ಳುವುದು ದುಬಾರಿ ಗನ್ನಿನಲ್ಲೂ ಇದ್ದದ್ದೇ. ಮೂತಿ ಲಿವರ್ ಎತ್ತಿದೊಡನೆ ತೆರೆಯುತ್ತದೋ, ಅಲೆನ್ ಕೀ ಹುಡುಕಿ ಬೋಲ್ಟ್ ಬಿಚ್ಚಬೇಕೋ ಎಂಬುದು ದಿನದ ಕೊನೆಗೆ ದೊಡ್ಡ ವ್ಯತ್ಯಾಸ. (ಬಿಚ್ಚುವ ಮೊದಲು ಗಾಳಿಯ ಪೈಪ್ ಕಳಚುವುದನ್ನು ಇಲ್ಲಿನ ಓದುಗರಿಗೆ ಹೇಳಬೇಕಿಲ್ಲ, ಆದರೂ ಹೇಳಿದ್ದಾಯಿತು.) ಅಗ್ಗದ ಹಲವು ಗನ್‌ಗಳಿಗೆ ಮರಕ್ಕೆ ಒತ್ತಿದರೆ ಮಾತ್ರ ಹೊಡೆಯುವ ಸುರಕ್ಷತಾ ಮೂತಿ ಇರುವುದಿಲ್ಲ. ಮಕ್ಕಳು ಓಡಾಡುವ ಮನೆಗೆ ಅಂಥದ್ದನ್ನು ತರಲೇಬಾರದು.

ಅಸಲಿಗೆ ಗನ್ನಿನ ಆಯಸ್ಸು ಇರುವುದು ಕಂಪ್ರೆಸರ್‌ನಲ್ಲಿ. ಟ್ಯಾಂಕಿನಲ್ಲಿ ತಂಗಿದ ನೀರು ಗಾಳಿಯೊಂದಿಗೆ ಗನ್ನಿಗೆ ನುಗ್ಗಿ ಒಳಗೆಲ್ಲ ತುಕ್ಕು. ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಸಂಜೆ ಅಡಿಯ ವಾಲ್ವ್ ತೆರೆದು ನೀರು ಬಸಿದು, ಬೆಳಿಗ್ಗೆ ಗನ್ನಿಗೆ ಗಾಳಿ ಹೋಗುವ ಬಾಯಿಗೆ ಎರಡು ಹನಿ ಎಣ್ಣೆ ಬಿಡುವವನ ಕೈಯಲ್ಲಿ ಅಗ್ಗದ ಗನ್ನೂ ವರ್ಷಗಟ್ಟಲೆ ಬಾಳುತ್ತದೆ. ಈ ತಾಪತ್ರಯವೇ ಬೇಡವೆಂದು ಬ್ಯಾಟರಿ ಗನ್ನಿಗೆ ಹಾರುವವರು ಎರಡೂವರೆ-ಮೂರು ಕೆಜಿ ತೂಕವನ್ನು ತಲೆಯ ಮೇಲಿನ ಫಾಲ್ಸ್ ಸೀಲಿಂಗ್‌ಗೆ ಎತ್ತಿ ಹಿಡಿದು ನೋಡಲಿ. ಗಾಳಿಯ ಗನ್ ಅದರ ಅರ್ಧಕ್ಕಿಂತ ಹಗುರ.

ಹಾಗಾಗಿ, ಕಂಪ್ರೆಸರ್ ಈಗಾಗಲೇ ಮನೆಯಲ್ಲಿದ್ದು, ಬೀಡಿಂಗ್, ಫೋಟೊ ಫ್ರೇಮು, ಡ್ರಾಯರ್ ತಳದಂಥ ಕೆಲಸ ಮಾಡುವವರು ಎಫ್30 ಕೊಳ್ಳಲಿ, ಜೊತೆಗೆ ಬಿಡಿ ಓ-ರಿಂಗ್ ಸೆಟ್ಟೊಂದನ್ನು ಕೇಳಿ ತರಲಿ. ಬಿಡಿಭಾಗ ಇಲ್ಲವೆಂದ ಅಂಗಡಿಯಲ್ಲಿ ಗನ್ನೂ ಬೇಡ. ದಿನವಿಡೀ ಪ್ಯಾಲೆಟ್ ಬಡಿಯುವ ಪೀಣ್ಯದ ಶೆಡ್ಡಿಗೆ, ಭಾರ ಹೊರುವ ಚೌಕಟ್ಟಿಗೆ ಅಗ್ಗದ ಗನ್ ನಷ್ಟದ ಬಾಬತ್ತು. ಕಂಪ್ರೆಸರ್ರೇ ಇಲ್ಲದವರು ಮೊದಲು ಅದರ ಬೆಲೆ ವಿಚಾರಿಸಲಿ. ಅದು ಗನ್ನಿನ ಬೆಲೆಗಿಂತ ಹಲವು ಪಟ್ಟು ಹೆಚ್ಚು.